ಕಾಳವ್ವ ಬಿಸಿಲಿಗೆ ಬಂದದ್ದು

ಕೂತವರಿಗೆ ಏಳಲು ಬಾರದಿದ್ದರೆ ನಾವು ಏನನ್ನುತ್ತೇವೆ? ಮುದುಕರಾದರೆ ವಯಸ್ಸಾಯಿತು ಅನ್ನುತ್ತೇವೆ. ಸೊಸೆಯಾದರೆ ಮೈಗಳ್ಳಿ ಅನ್ನುತ್ತೇವೆ. ಕಾಳವ್ವನಿಗೂ ಹಾಗೇ ಅಂದರು. ಅವಳಿಗೆ ಆಗ ಇಪ್ಪತ್ತೆರಡು ವರ್ಷ.

ಇದು ಸಾವಿರದ ಒಂಬೈನೂರ ಮೂವತ್ತೆಂಟನೆಯ ಇಸವಿಯ ಮಾತು. ಹುಬ್ಬಳ್ಳಿಯ ದುರ್ಗದಬೈಲಿನ ಹಿಂದೆ ಒಂದು ಇಕ್ಕಟ್ಟಾದ ಓಣಿ. ಅಲ್ಲಿ ಹತ್ತಿ ವ್ಯಾಪಾರಿ ಗುರುಶಿದ್ದಪ್ಪನ ಮನೆ. ಕಾಳವ್ವ ಅವನ ಹೆಂಡತಿ. ಮನೆ ಉದ್ದಕ್ಕೆ ಇತ್ತು, ಅಗಲಕ್ಕೆ ಇರಲಿಲ್ಲ. ಎರಡೂ ಮಗ್ಗುಲಲ್ಲಿ ಬೇರೆಯವರ ಗೋಡೆ. ಹಿತ್ತಿಲೆಂಬುದಿಲ್ಲ. ಅಡುಗೆಮನೆಗೆ ಬೆಳಕು ಬರುತ್ತಿದ್ದದ್ದು ಮಾಳಿಗೆಯಲ್ಲಿ ಕೊರೆದ ಮೊರದಷ್ಟು ಅಗಲದ ಬೆಳಕಿಂಡಿಯಿಂದ. ಅದಕ್ಕೂ ಗಾಜು ಮುಚ್ಚಿತ್ತು.

ಗುರುಶಿದ್ದಪ್ಪನ ತಾಯಿ ಶಿವಲಿಂಗವ್ವ ಮನೆಗೆ ಹಿರಿಯಳು. ಅವಳ ಕಟ್ಟಳೆ ಒಂದೇ. ಸೊಸೆ ಹೊಸ್ತಿಲು ದಾಟಬಾರದು. ನೀರು ಹೊರುವವಳು ನೀರು ತರುತ್ತಿದ್ದಳು. ಕಾಯಿಪಲ್ಲೆಯವಳು ಬಾಗಿಲಿಗೇ ಬರುತ್ತಿದ್ದಳು. ಬಸುರಿ ಬಾಣಂತಿಯಾದರಂತೂ ಬಾಗಿಲ ಸಂದಿಗೂ ಬಟ್ಟೆ ತುರುಕುತ್ತಿದ್ದರು.

ಕಾಳವ್ವ ಶಿರಗುಪ್ಪಿಯ ರೈತ ನೀಲಪ್ಪನ ಮಗಳು. ಲಗ್ನಕ್ಕೆ ಮುಂಚೆ ಅವಳು ಎರೆಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದಳು. ತಲೆಯ ಮೇಲೆ ಬುತ್ತಿ ಹೊತ್ತುಕೊಂಡು ಎರಡು ಮೈಲು ನಡೆದು, ಅಷ್ಟೇ ದೂರ ತಿರುಗಿ ಬರುತ್ತಿದ್ದಳು. ಗಂಡನ ಮನೆಗೆ ಬಂದು ನಾಲ್ಕು ವರ್ಷ. ಮೊದಲ ಎರಡು ವರ್ಷ ಏನೂ ಅನ್ನಿಸಲಿಲ್ಲ. ಮೂರನೆಯ ವರ್ಷ ಮಗಳು ಫಕೀರವ್ವ ಹುಟ್ಟಿದಳು. ಆಮೇಲೆ ಶುರುವಾಯಿತು ನೋವು. ಮೊದಲು ಟೊಂಕದಲ್ಲಿ, ನಂತರ ತೊಡೆಯಲ್ಲಿ, ನಂತರ ಪಕ್ಕೆಲುಬಿನಲ್ಲಿ. ಕೂತರೆ ನೋವು, ನಿಂತರೆ ನೋವು. ಹಾಗಾಗಿ ಅವಳು ಕೂತಲ್ಲಿ ಕೂರುತ್ತಿರಲಿಲ್ಲ. ಗೋಡೆ ಹಿಡಿದು ಪಡಸಾಲೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಪಡಸಾಲೆಗೆ ಸುಮ್ಮನೆ ತಿರುಗುತ್ತಿದ್ದಳು. ಬಾತುಕೋಳಿಯ ಹಾಗೆ ಆ ಕಡೆ ಈ ಕಡೆ ವಾಲುವ ನಡಿಗೆ. ಈಗ ಮತ್ತೆ ನಾಲ್ಕು ತಿಂಗಳ ಬಸುರಿ.

ಸಂಕ್ರಾಂತಿ ಕಳೆದು ಒಂದು ವಾರವಾಗಿತ್ತು. ಕಾಳವ್ವ ಒಲೆಯ ಮುಂದೆ ಕೂತು ರೊಟ್ಟಿ ಬಡಿದಳು. ಹದಿನೈದು ರೊಟ್ಟಿ ಆದವು. ಏಳಲು ಹೋದಳು. ಆಗಲಿಲ್ಲ. ತೊಡೆಯ ಮೇಲೆ ಕೈ ಊರಿ ಅರ್ಧ ಎದ್ದಳು. ಮತ್ತೆ ಕುಸಿದಳು.

"ಏಳ, ಎಷ್ಟೊತ್ತ ಕುಂದರ್ತಿ? ಕೂಸು ಅಳಾಕತ್ತೈತಿ," ಅಂದಳು ಶಿವಲಿಂಗವ್ವ.

"ಏಳಾಕ ಬರವಲ್ದರಿ ಅತ್ತಿ."

"ನಿನ್ನ ವಯಸ್ಸಿನ್ಯಾಗ ನಾ ಎರಡ ಕೊಡಾ ಹೊತಗೊಂಡು ಏಳತಿದ್ದೆ. ಹಾಲು ತುಪ್ಪಾ ತಿಂದು ಮೈ ಭಾರ ಆಗೈತಿ ನಿನಗ. ಬ್ಯಾರೇ ಏನಿಲ್ಲ."

ಕಾಳವ್ವ ಕಂಬ ತಬ್ಬಿಕೊಂಡು, ಮರ ಹತ್ತುವವರ ಹಾಗೆ ಕೈ ಮೇಲೆ ಮೇಲೆ ಹಾಕುತ್ತ ಎದ್ದಳು. ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ಕೆಮ್ಮಿದರು. ಅವಳ ಅಪ್ಪ ನೀಲಪ್ಪ. ಹೊಲದ ಹಸಿ ಕಡಲೆಯ ಸಿವುಡು ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದ. ಮಗಳು ಎದ್ದದ್ದನ್ನು ಪೂರಾ ನೋಡಿದ್ದ.

"ಬರ್ರಿ ಬೀಗರ, ಕುಂದರ್ರಿ," ಅಂದಳು ಶಿವಲಿಂಗವ್ವ.

ನೀಲಪ್ಪ ಕೂರಲಿಲ್ಲ. ಮೊಮ್ಮಗಳನ್ನು ಎತ್ತಿಕೊಂಡ. ಒಂದೂವರೆ ವರ್ಷದ ಕೂಸು ಎತ್ತಿದ ಕೂಡಲೇ ಚೀರಿತು. ಕೆಳಗೆ ನಿಲ್ಲಿಸಲು ನೋಡಿದ. ಕಾಲು ಬಿಲ್ಲಿನ ಹಾಗೆ ಬಾಗಿದ್ದವು. ಕೂಸು ನಿಲ್ಲದೆ ಕುಕ್ಕರಿಸಿತು.

"ಇನ್ನೂ ಹೆಜ್ಜಿ ಇಟ್ಟಿಲ್ಲೇನು?"

"ಕೆಲವು ಕೂಸು ತಡಾ ಮಾಡತಾವ," ಅಂದಳು ಶಿವಲಿಂಗವ್ವ.

ನೀಲಪ್ಪ ಕಡಲೆ ಸಿವುಡು ಕೆಳಗಿಟ್ಟ. ನೀರೂ ಕುಡಿಯದೆ ಹೊರಟುಬಿಟ್ಟ. ಮಗಳು "ಯಪ್ಪಾ" ಅಂದದ್ದು ಕೇಳಿಸಿದರೂ ತಿರುಗಿ ನೋಡಲಿಲ್ಲ. ನೋಡಿದ್ದರೆ ಅಳು ಬರುತ್ತಿತ್ತು. ಅವನು ನೆಟ್ಟಗೆ ಹೋದದ್ದು ಗಬ್ಬೂರಿಗೆ, ಹುಲಿಗೆವ್ವನ ಮನೆಗೆ. ಹುಲಿಗೆವ್ವ ಹೆರಿಗೆ ಆಸ್ಪತ್ರೆಯಲ್ಲಿ ಕಲಿತ ಸೂಲಗಿತ್ತಿ. ಜನ ಅವಳನ್ನು ನರ್ಸಬಾಯಿ ಅನ್ನುತ್ತಿದ್ದರು. ಶಿರಗುಪ್ಪಿಯಲ್ಲಿ ನೀಲಪ್ಪನ ಹಿರೀ ಸೊಸೆಯ ಹೆರಿಗೆ ಮಾಡಿಸಿದವಳು ಅವಳೇ.

"ನನ್ನ ಮಗಳಿಗೆ ಏನೋ ಆಗೇತಿ ಬಾಯಾರ. ಬಿದ್ದ ಎತ್ತು ಎದ್ದಂಗ ಏಳತಾಳ. ಲಗೂ ಬರ್ರಿ."

ಹುಲಿಗೆವ್ವ ಮರುದಿನ ಬೆಳಿಗ್ಗೆ ತೊಗಲಿನ ಚೀಲ ಹಿಡಿದು ಬಂದಳು. ಕಾಳವ್ವನನ್ನು ಕೂರಿಸಿ ಎಬ್ಬಿಸಿ ನೋಡಿದಳು. ಮೊಣಕಾಲ ಕೆಳಗಿನ ಎಲುಬನ್ನು ಹೆಬ್ಬೆರಳಿನಿಂದ ಮೆತ್ತಗೆ ಒತ್ತಿದಳು. ಕಾಳವ್ವ ಹಲ್ಲು ಕಚ್ಚಿದಳು. ಕೂಸಿನ ಮಣಿಕಟ್ಟು ನೋಡಿದಳು. ದಪ್ಪಗಾಗಿತ್ತು. ಎದೆಯ ಮೇಲೆ ಬೆರಳಾಡಿಸಿದರೆ ಪಕ್ಕೆಲುಬಿನ ತುದಿಗಳು ಮಣಿಸರದ ಹಾಗೆ ಕೈಗೆ ಹತ್ತಿದವು.

"ಕಾಳವ್ವಾ, ನೀ ಬಿಸಲಾಗ ಹೋಗಿ ಎಷ್ಟ ದಿನ ಆತು?"

ಎಂಥ ಪ್ರಶ್ನೆ! ಕಾಳವ್ವ ಯೋಚಿಸಿದಳು. ಕೂಸು ಹುಟ್ಟಿದ ಮೇಲೆ ಒಮ್ಮೆ ಮಠಕ್ಕೆ ಹೋಗಿದ್ದಳು. ಅದೂ ಸಂಜೆಗೆ, ಪರದೆ ಕಟ್ಟಿದ ಚಕ್ಕಡಿಯಲ್ಲಿ.

ಶಿವಲಿಂಗವ್ವನಿಗೆ ತಡೆಯಲಾಗಲಿಲ್ಲ. "ನಮ್ಮನಿ ಸೊಸಿ ಬಿಸಲಾಗ ಯಾಕ ಹೋಗಬೇಕು? ಕೂಲಿ ಮಾಡಾಕ? ನಮ್ಮಲ್ಲಿ ಏನ್ ಕಡಿಮಿ ಐತಿ? ದಿನಾ ಹಾಲು ಕುಡೀತಾಳ, ಮೊಸರು ಉಣ್ತಾಳ."

"ಹಾಲು ಮೊಸರು ಭಾಳ ಛಲೋ ಆತ್ರಿ. ಅದರಾಗ ಎಲುಬಿಗೆ ಬೇಕಾದ ಸುಣ್ಣದ ಅಂಶ ಐತಿ. ಆದ್ರ ಅವ್ವಾರ, ಸುಣ್ಣಾ ಕಲ್ಲು ತಂದು ಅಂಗಳದಾಗ ಒಟ್ಟಿದ್ರ ಗ್ವಾಡಿ ಆಗತೈತೇನ್ರಿ?"

"ಗೌಂಡಿ ಬೇಕು."

"ಹೌದಲ್ರಿ? ಮೈಯಾಗೂ ಹಂಗ ಒಬ್ಬ ಗೌಂಡಿ ಅದಾನ. ಅದಕ್ಕ ಡಿ ಜೀವಸತ್ವ ಅಂತಾರ, ವ್ಹಿಟ್ಯಾಮಿನ್ ಡಿ. ಅದು ಇಲ್ಲಂದ್ರ ಉಂಡ ಸುಣ್ಣ ಎಲುಬಿಗೆ ಮುಟ್ಟೂದಿಲ್ಲ. ಎಲುಬು ಮೆತ್ತಗಾಗತಾವ, ನೋಯತಾವ, ಬಾಗತಾವ. ಊಟದಾಗ ಅದು ಸಿಗೂದು ಭಾಳ ಕಮ್ಮಿ. ಬಿಸಲು ಬರೀ ಚರ್ಮಕ್ಕ ಬಡದ್ರ ಚರ್ಮಾನ ಅದನ್ನ ತಯಾರ ಮಾಡತೈತಿ. ನಿಮ್ಮ ಸೊಸಿಗೆ ಎಲ್ಲಾ ಕೊಟ್ಟೀರಿ. ಬಿಸಲೊಂದ ಕೊಟ್ಟಿಲ್ಲ."

ಶಿವಲಿಂಗವ್ವ ನಕ್ಕಳು. ಅದು ಸಿಟ್ಟಿನ ನಗು. "ಬಿಸಲು ತಿಂದು ಎಲುಬು ಗಟ್ಟಿ ಆಗೂದಾದ್ರ ಮಂದಿ ಜ್ವಾಳ ಯಾಕ ಬಿತ್ತತಿದ್ರು?"

ಹುಲಿಗೆವ್ವ ನಗಲಿಲ್ಲ. ದನಿ ತಗ್ಗಿಸಿದಳು. "ನಗೂ ಮಾತಲ್ರಿ. ಟೊಂಕದ ಎಲುಬು ಮೆತ್ತಗಾಗಿ ಒಳಗ ಒತ್ತಿದ್ರ ಕೂಸು ಹೊರಗ ಬರೂ ದಾರಿ ಸಣ್ಣದಾಗತೈತಿ. ಇನ್ನ ಐದ ತಿಂಗಳಿಗೆ ಹೆರಿಗಿ. ತಾಯಿ ಉಳೀಬೇಕು, ಕೂಸೂ ಉಳೀಬೇಕಂದ್ರ ಇವತ್ತಿಂದಾನ ಶುರು ಮಾಡ್ರಿ."

"ಮುತ್ತೈದಿ ಮುಂದ ಎಂಥಾ ಮಾತು ಆಡತಿ? ನಡಿ, ಹೊರಗ ನಡಿ!"

ಹುಲಿಗೆವ್ವ ಚೀಲ ತೆಗೆದುಕೊಂಡು ಹೊರಟಳು. ಹೋಗುವಾಗ ಕಾಳವ್ವನ ಕಡೆ ನೋಡಿ, "ನಿನ್ನ ಗಂಡಗ ಹೇಳು. ಮುಚ್ಚಿಡಬ್ಯಾಡ," ಅಂದಳು.

ಕಾಳವ್ವ ಹೇಳಿದಳು. ಗಂಡ ಊಟಕ್ಕೆ ಬಂದಾಗ, ತಾಟಿನ ಮುಂದೆ ನಿಂತುಕೊಂಡೇ ಎಲ್ಲ ಹೇಳಿದಳು. ಗುರುಶಿದ್ದಪ್ಪ ತಾಯಿಯ ಮಾತಿಗೆ ಎಂದೂ ಎದುರಾಡಿದವನಲ್ಲ. ಅಂದು ಅರ್ಧ ಊಟಕ್ಕೆ ಕೈ ತೊಳೆದ. ಹತ್ತಿ ಪೇಟೆಗೆ ಹೋದ. ಅಲ್ಲಿ ಹತ್ತಿ ತುಂಬಿದ ಒಂದು ಅಂಡಿಗೆಯನ್ನು ಎರಡು ಸಲ ಬಿಚ್ಚಿ ನೋಡಿದರೂ ಅರಳೆಯ ಎಳೆ ಉದ್ದವೋ ಗಿಡ್ಡವೋ ಅವನ ಕಣ್ಣಿಗೆ ಹತ್ತಲಿಲ್ಲ. ಅರ್ಧ ತಾಸಿಗೆ ಟಾಂಗಾ ಹಿಡಿದು ಮನೆಗೆ ಬಂದ.

"ಕಾಳವ್ವನ್ನ ಡಾಕ್ಟರ ಹತ್ರ ಕರಕೊಂಡ ಹೊಂಟೇನಿ."

"ಯಾರನ್ನ ಕೇಳಿ?" ಅಂದಳು ತಾಯಿ.

"ಯಾರನ್ನೂ ಕೇಳಿಲ್ಲ," ಅಂದ ಗುರುಶಿದ್ದಪ್ಪ. ತಾಯಿ ಇನ್ನೊಂದು ಮಾತು ಆಡುವ ಮೊದಲೇ ಹೆಂಡತಿ, ಕೂಸು ಇಬ್ಬರನ್ನೂ ಟಾಂಗಾ ಹತ್ತಿಸಿದ.

ಡಾಕ್ಟರ್ ಯಜ್ಞೇಶ್ವರ ಧಾರವಾಡದವರು, ದವಾಖಾನೆ ಹುಬ್ಬಳ್ಳಿಯಲ್ಲಿ. ಸಾವಕಾಶವಾಗಿ ನೋಡಿದರು, ಸಾವಕಾಶವಾಗಿ ಹೇಳಿದರು. ನರ್ಸಬಾಯಿ ಹೇಳಿದ್ದೇ ಖರೆ. ತಾಯಿಯ ಎಲುಬು ಮೆತ್ತಗಾಗಿವೆ. ಕೂಸಿನದೂ ಅದೇ ರೋಗ. ತಾಯಿಯಲ್ಲಿ ಇಲ್ಲದ್ದು ಹಾಲಿನಲ್ಲಿ ಬರುವುದಾದರೂ ಎಲ್ಲಿಂದ? ಇಬ್ಬರಿಗೂ ಔಷಧ ಬೇಕು. ಅವರು ಕಪಾಟಿನಿಂದ ಒಂದು ಬಾಟಲಿ ತೆಗೆದರು. ಗುರುಶಿದ್ದಪ್ಪ ಬೂಚು ತೆಗೆದು ಮೂಸಿದ. ಮುಖ ಹಿಂಡಿದ.

"ಇದು ಏನ್ರಿ?"

"ಮೀನಿನ ಯಕೃತ್ತಿನ ಎಣ್ಣಿ. ಇದಕ್ಕಿಂತ ಒಳ್ಳೆ ಔಷಧ ಈ ರೋಗಕ್ಕ ನನ್ನ ಕಪಾಟಿನಾಗ ಇಲ್ಲ. ನಿಮಗ ಸುಳ್ಳು ಹೇಳಿ ಕುಡಿಸೂದು ನನ್ನಿಂದ ಆಗೂದಿಲ್ಲ."

ಗುರುಶಿದ್ದಪ್ಪ ಬಾಟಲಿ ಮೇಜಿನ ಮೇಲೆ ಇಟ್ಟ. "ನಾವು ಲಿಂಗವಂತರರಿ. ಇದು ನಮ್ಮ ಮನ್ಯಾಗ ಬರೂದಿಲ್ಲ." ಎದ್ದು ಬಾಗಿಲ ತನಕ ಹೋದ. ಹೆಂಡತಿಯ ಮುಖ ನೋಡಿದ. ಮತ್ತೆ ಬಂದು ಕೂತ. "ಬ್ಯಾರೇ ದಾರಿ ಇಲ್ಲೇನ್ರಿ?"

"ಅದ. ನಿಮ್ಮ ಆಚಾರ ಬಿಡ್ರಿ ಅಂತ ನಾ ಹೇಳೂದಿಲ್ಲ. ಹುದುಗಿನಿಂದ ಮಾಡಿದ, ಅದೇ ಡಿ ಜೀವಸತ್ವದ ಹನಿಗಳು ಬರ್ತಾವ, ಮೀನಿನ ಸಂಬಂಧ ಇಲ್ಲ. ಮುಂಬಯಿಗೆ ಬರೀಬೇಕು, ಮೂರು ವಾರ ಹಿಡೀತದ. ಅಲ್ಲೀತನಕ, ಆಮ್ಯಾಲೂ, ಬಿಸಲು. ದಿನಾ ಅರ್ಧ ತಾಸು ಮುಖ, ತೋಳು, ಕಾಲು ಬರಿದಾಗಿರಬೇಕು. ಕಿಟಕಿ ಗಾಜಿನ ಹಿಂದ ಕೂತರ ನಡಿಯೂದಿಲ್ಲ."

"ಹೊತ್ತ ಹುಟ್ಟಿದ ಕೂಡಲೇ ಕುಂದರಸ್ಲೇನ್ರಿ?"

"ಎಳೀ ಬಿಸಲು ಹಿತಾ ಖರೆ, ಆದ್ರ ಈ ಕೆಲಸಕ್ಕ ಸಾಲೂದಿಲ್ಲ. ನಿಂತಾಗ ನಿಮ್ಮ ನೆರಳು ನಿಮಗಿಂತ ಗಿಡ್ಡ ಆಗಿರಬೇಕು. ಆವಾಗ ಕೂಡಸ್ರಿ. ಕೂಸಿಗೆ ಅದರ ಅರ್ಧ ಹೊತ್ತು ಸಾಕು. ತಲಿಗೆ ಸೆರಗಿರಲಿ. ಚರ್ಮ ಕೆಂಪಾಗೂತನಕ ಮಾತ್ರ ಬ್ಯಾಡ."

ಹೇಳುವುದು ಸುಲಭ. ಆ ಮನೆಯಲ್ಲಿ ಬಿಸಿಲು ಇದ್ದದ್ದು ಮಾಳಿಗೆಯ ಮೇಲೆ ಮಾತ್ರ. ಮಾಳಿಗೆಗೆ ಹೋಗಲು ಕಡಿದಾದ ಹದಿಮೂರು ಮೆಟ್ಟಿಲು. ಕಾಳವ್ವನಿಗೆ ಹೊಸ್ತಿಲು ದಾಟುವುದೇ ಕಷ್ಟವಾಗಿತ್ತು.

ಮರುದಿನ ಗುರುಶಿದ್ದಪ್ಪ ಹುಲಿಗೆವ್ವನನ್ನು ತಾನೇ ಹೋಗಿ ಕರೆತಂದ. ಮಾಳಿಗೆಯ ನಾಲ್ಕೂ ಕಡೆ ಹಗ್ಗ ಕಟ್ಟಿ ಜಮಖಾನೆ ಇಳಿಬಿಟ್ಟ, ಪಕ್ಕದ ಮಾಳಿಗೆಯವರಿಗೆ ಕಾಣದ ಹಾಗೆ. ಕೆಳಗಿಳಿದು ಬಂದರೆ ಮೊದಲ ಮೆಟ್ಟಿಲ ಮೇಲೆ ತಾಯಿ ಕೂತಿದ್ದಳು.

"ನನ್ನ ತುಳದ ಹೋಗು," ಅಂದಳು.

"ಯವ್ವಾ, ಆ ಕಡೆ ಸರಿ."

"ಸರಿಯೂದಿಲ್ಲ. ಒಬ್ಬಾಕಿನ್ನ ಬಿಸಲಿಗೆ ಕೊಟ್ಟೇನಿ. ಇನ್ನೊಬ್ಬಾಕಿನ್ನ ಕೊಡೂದಿಲ್ಲ."

ಗುರುಶಿದ್ದಪ್ಪ ನೆಲ ನೋಡಿದ. ಹುಲಿಗೆವ್ವ ಚೀಲ ಕೆಳಗಿಟ್ಟು ಶಿವಲಿಂಗವ್ವನ ಎದುರು ಕೂತಳು.

"ಯಾರನ್ನರಿ ಅವ್ವಾರ?"

"ನನ್ನ ಮಗಳು. ಸಾವಕ್ಕ. ಎಂಟ ವರ್ಸ ಆತು. ಇದ ಮನ್ಯಾಗ ಹಡದಿದ್ಲು, ಗಂಡು ಕೂಸು. ಏಳನೇ ದಿನ 'ಯವ್ವಾ ಒಳಗ ಜೀವ ಚಡಪಡಸ್ತೈತಿ, ಸ್ವಲ್ಪ ಹೊರಗ ಕುಂದರ್ತೇನಿ' ಅಂದ್ಲು. ನಾನ ಕರಕೊಂಡ ಹೋಗಿ ಮಾಳಿಗಿ ಮ್ಯಾಲ ಬಿಸಲಾಗ ಕುಂದರಿಸಿದೆ. ನಾನ, ಈ ಕೈಲೆ. ಸಂಜೀಕ ಚಳಿ ಹತ್ತಿತು. ಜ್ವರಾ ಹೆಂಚಿನಂಗ. ಮೂರ ದಿನಕ್ಕ ಹೋದ್ಲು." ಶಿವಲಿಂಗವ್ವ ತನ್ನ ಅಂಗೈ ತಿರುಗಿಸಿ ನೋಡಿಕೊಂಡಳು. "ಮಂದಿ ಏನೂ ಅನಲಿಲ್ಲ. ನನಗ ಗೊತ್ತೈತಿ."

ಕಾಳವ್ವ ಈ ಮಾತನ್ನು ಮೊದಲ ಸಲ ಕೇಳಿದಳು. ಅತ್ತೆ ನಾಲ್ಕು ವರ್ಷ ತನ್ನನ್ನು ಬಿಸಿಲಿಗೆ ಬಿಡದೆ, ಬಾಗಿಲ ಸಂದಿಗೂ ಬಟ್ಟೆ ತುರುಕಿದ್ದು ಯಾಕೆಂದು ಅವಳಿಗೆ ಆಗ ತಿಳಿಯಿತು.

ಹುಲಿಗೆವ್ವ ಕೇಳಿದಳು. "ಹೆರಿಗಿ ಯಾರು ಮಾಡಿಸಿದ್ರು?"

"ಓಣ್ಯಾಗಿನ ಒಬ್ಬ ಮುದುಕಿ. ಈಗ ಇಲ್ಲ ಆಕಿ."

"ಹೆರಿಗಿಗೆ ಮುಂಚೆ ಆಕಿ ಕೈ ತೊಳಕೊಂಡಿದ್ಲೇನ್ರಿ? ಸಬಕಾರ ಹಚ್ಚಿ?"

ಶಿವಲಿಂಗವ್ವ ನೆನಪಿಸಿಕೊಂಡಳು. "ದನದ ಕೊಟ್ಟಿಗ್ಯಾಗಿಂದ ಎದ್ದ ಬಂದಿದ್ಲು. ಅವಸರ ಇತ್ತು. ಸೆರಗಿಗೆ ಕೈ ಒರಸಿಕೊಂಡ್ಲು."

"ಅವ್ವಾರ, ಸರಿಯಾಗಿ ಕೇಳ್ರಿ. ಅದು ಬಿಸಲಿನ ಜ್ವರ ಅಲ್ಲ. ಬಾಣಂತಿ ನಂಜು ಅದು. ಹೊಲಸ ಕೈಲೆ ಒಳಗ ಹೋಗತೈತಿ. ನಾಕೈದ ದಿನಾ ಸುಮ್ಮನ ಬೆಳೀತೈತಿ, ಆಮ್ಯಾಲ ಚಳಿಜ್ವರ ತರತೈತಿ. ನಿಮ್ಮ ಮಗಳು 'ಜೀವ ಚಡಪಡಸ್ತೈತಿ' ಅಂದಾಗನ ನಂಜು ಏರಿತ್ತು. ನೀವು ಬಿಸಲಿಗೆ ಒಯ್ಯದಿದ್ರೂ ಆ ಸಂಜೀಕ ಚಳಿ ಬರತಿತ್ತು. ಆಸ್ಪತ್ರಿಯಾಗ ಇಂಥಾವು ನಾ ಭಾಳ ನೋಡೇನಿ. ನಿಮ್ಮ ಕೈಲೆ ಏನೂ ಆಗಿಲ್ಲರಿ."

ಶಿವಲಿಂಗವ್ವ ನಂಬಿದಳೋ ಇಲ್ಲವೋ ಯಾರಿಗೂ ತಿಳಿಯಲಿಲ್ಲ. ಎದ್ದಳು. ದೇವರಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು.

ಮೆಟ್ಟಿಲು ತೆರವಾಯಿತು. ಗುರುಶಿದ್ದಪ್ಪ ಹೆಂಡತಿಯನ್ನು ಎರಡೂ ತೋಳಿನಲ್ಲಿ ಎತ್ತಿಕೊಂಡ. ಹಾಡುಹಗಲು, ಪರ ಹೆಂಗಸಿನ ಎದುರು, ಹೆಂಡತಿಯನ್ನು ಎತ್ತುವುದೆಂದರೆ! ಅವನ ಕಿವಿ ಕೆಂಪಾದವು. ಕಾಳವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಹದಿಮೂರು ಮೆಟ್ಟಿಲು ಹತ್ತಿ ಮಾಳಿಗೆಗೆ ಬಂದು ಇಳಿಸಿದ. ಹುಲಿಗೆವ್ವ ಕೂಸನ್ನು ತಂದಳು. ಕಾಳವ್ವ ಸೆರಗು ಸರಿಸಿದಳು. ಬಿಸಿಲು ಕಣ್ಣಿಗೆ ಚುಚ್ಚಿತು. ಕಣ್ಣಲ್ಲಿ ನೀರು ಬಂತು. ಅವಳು ಕುಪ್ಪಸದ ತೋಳು ಮಡಚಿ, ಕಾಲು ಚಾಚಿ ಕೂತಳು. ಅಪ್ಪನ ಹೊಲ ನೆನಪಾಯಿತು.

ಅಂದಿನಿಂದ ದಿನವೂ ಇದೇ. ಗುರುಶಿದ್ದಪ್ಪ ಪೇಟೆಯಿಂದ ಹನ್ನೊಂದಕ್ಕೆ ಓಡಿ ಬರುವುದು, ಎತ್ತಿ ಒಯ್ಯುವುದು, ಮೊದಲು ಕೂಸನ್ನು ನೆರಳಿಗೆ ಸರಿಸುವುದು, ಅರ್ಧ ತಾಸಿಗೆ ಕಾಳವ್ವನನ್ನು ಇಳಿಸಿ ಮತ್ತೆ ಓಡುವುದು. ಓಣಿಯವರಿಗೆ ಗೊತ್ತಾಗದೆ ಇರುತ್ತದೆಯೇ? "ಗುರುಶಿದ್ದಪ್ಪನ ಮನ್ಯಾಗ ಈ ವರ್ಸ ಹಪ್ಪಳ ಬದಲಿ ಸೊಸೀನ್ನ ಒಣಗಿ ಹಾಕತಾರ," ಎಂದು ನಕ್ಕರು. ಶಿವಲಿಂಗವ್ವ ಕೇಳಿಸಿಕೊಂಡಳು. ಮಗನ ಜೊತೆ ಮಾತು ಬಿಟ್ಟಳು. ಆದರೆ ತಡೆಯಲು ಬರಲಿಲ್ಲ.

ಎರಡು ವಾರ ಕಳೆಯಿತು. ಕಾಳವ್ವನ ನೋವು ಕೂದಲೆಳೆಯಷ್ಟೂ ಕಡಿಮೆಯಾಗಲಿಲ್ಲ. ಗುರುಶಿದ್ದಪ್ಪನಿಗೆ ತಾಳ್ಮೆ ಹೋಯಿತು. ಹುಲಿಗೆವ್ವ ಬಂದಾಗ ಜಗಳಕ್ಕೇ ನಿಂತ.

"ಏನ್ ಬಾಯಾರ, ಏನೂ ಫರಕ ಇಲ್ಲ. ಮಂದಿ ನಗಾಕತ್ತಾರ. ನಾವು ಹುಚ್ಚರಾದ್ವಿ ಅಷ್ಟ."

"ನಾಕ ವರ್ಸದಾಗ ಖಾಲಿ ಆದದ್ದು ಎರಡ ವಾರದಾಗ ತುಂಬತೈತೇನ್ರಿ? ಮುಂಬಯಿಯಿಂದ ಹನಿ ಬರಲಿ. ಎರಡ ತಿಂಗಳು ಬಿಡದ ಮಾಡ್ರಿ. ನಡುವ ಬಿಟ್ರ ಮಾಡಿದ್ದೂ ಹೋಗತೈತಿ."

"ನೀವ ಬಿಡಬ್ಯಾಡ್ರಿ," ಅಂದಳು ಕಾಳವ್ವ ಗಂಡನಿಗೆ. "ನೋವು ನಂದೈತಿ. ನಾ ತಡೀತೇನಿ. ನೀವು ಎತ್ತಿಕೊಂಡ ಹೋಗೂದ ಬಿಡಬ್ಯಾಡ್ರಿ."

ಹನಿ ಬಂದವು. ಡಾಕ್ಟರು ತಾಯಿಗೆ ಇಷ್ಟು, ಕೂಸಿಗೆ ಇಷ್ಟು ಎಂದು ಎಣಿಸಿಕೊಟ್ಟರು. "ಲಗೂ ಗುಣ ಆಗಲಿ ಅಂತ ಎರಡು ಪಟ್ಟು ಹಾಕಬ್ಯಾಡ್ರಿ. ಹೆಚ್ಚಾದ್ರ ಇದೂ ವಿಷ," ಎಂದು ಎಚ್ಚರಿಸಿದರು. ಹಾಲು, ಮೊಸರು, ಎಳ್ಳುಚಟ್ನಿ, ಬೇಳೆ, ತಪ್ಪಲುಪಲ್ಲೆ ಬಿಡದಂತೆ ಉಣ್ಣಲು ಹೇಳಿದರು.

ಫೆಬ್ರುವರಿ ಹೋಯಿತು, ಮಾರ್ಚ್ ಹೋಯಿತು. ಪಕ್ಕೆಲುಬಿನ ನೋವು ಮೊದಲು ಹೋಯಿತು. ಕೆಮ್ಮಿದರೆ ಚುಚ್ಚುತ್ತಿರಲಿಲ್ಲ. ಕೂಸು ಎತ್ತಿದರೆ ಚೀರುವುದನ್ನು ಬಿಟ್ಟಿತು. ಒಂದು ದಿನ ಗೋಡೆ ಹಿಡಿದು ನಿಂತಿತು. ಕಾಳವ್ವ ಗಂಡನ ಹೆಗಲು ಹಿಡಿದು ಮೆಟ್ಟಿಲು ತಾನೇ ಹತ್ತತೊಡಗಿದಳು. ಬೇಸಿಗೆ ಬಲಿತ ಮೇಲೆ ಕಾಲು ತಾಸಿಗೇ ಬಿಸಿಲು ಸಾಕು ಮಾಡಿ, ಜಮಖಾನೆಯ ನೆರಳಿಗೆ ಸರಿಯುತ್ತಿದ್ದಳು.

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ. ಕಾಳವ್ವ, ಕೂಸು ಮೇಲಿದ್ದರು. ಅವರನ್ನು ಹತ್ತಿಸಿ ಪೇಟೆಗೆ ಹೋದ ಗುರುಶಿದ್ದಪ್ಪ ತಿರುಗಿ ಬಂದಿರಲಿಲ್ಲ. ಇದ್ದಕ್ಕಿದ್ದಂತೆ ಪಡುವಣದಲ್ಲಿ ಮೋಡ ಕಪ್ಪಾಯಿತು. ಬೇಸಿಗೆಯ ಅಡ್ಡಮಳೆಯ ಗಾಳಿ ಎದ್ದಿತು. ಓಣಿಯ ತಗಡುಗಳು ಬಡಿದುಕೊಂಡವು, ಧೂಳು ಮುಸುಕಿತು. ಕೆಳಗೆ ಶಿವಲಿಂಗವ್ವ ಮೆಟ್ಟಿಲ ಬುಡಕ್ಕೆ ಓಡಿದಳು. ಆರು ತಿಂಗಳು ದಾಟಿದ ಬಸುರಿ. ಕೂತರೆ ಏಳಲು ಬಾರದವಳು. ಜೊತೆಗೆ ಕೂಸು.

"ಕಾಳವ್ವಾ!" ಎಂದು ಕೂಗಿದಳು. ಗಾಳಿಯಲ್ಲಿ ಕೂಗು ಹೋಗಲಿಲ್ಲ. ಎಂಟು ವರ್ಷದಿಂದ ಮಾಳಿಗೆಗೆ ಹೋಗದವಳು ಗೋಡೆ ಹಿಡಿದು ದಡದಡ ಹತ್ತಿದಳು.

ಮೇಲೆ ಜಮಖಾನೆಗಳು ಹರಿದು ಹಾರಾಡುತ್ತಿದ್ದವು. ಕೂಸು ಮಾಳಿಗೆಯ ಆ ತುದಿಗೆ ತೆವಳಿ ಹೋಗಿತ್ತು. ಕಾಳವ್ವ ನೆಲಕ್ಕೆ ಕೂತಿದ್ದಳು. ಶಿವಲಿಂಗವ್ವ ನೋಡುತ್ತಿದ್ದಂತೆಯೇ ಅವಳು ಒಂದು ಕಾಲು ಊರಿದಳು, ಎದ್ದಳು. ಕಂಬ ಹಿಡಿಯಲಿಲ್ಲ, ಗೋಡೆ ಹಿಡಿಯಲಿಲ್ಲ. ನಾಲ್ಕು ಹೆಜ್ಜೆಗೆ ಕೂಸನ್ನು ಮುಟ್ಟಿ, ಬಗ್ಗಿ ಎತ್ತಿಕೊಂಡು ತಿರುಗಿದಳು.

ತಿರುಗಿದಾಗ ಅತ್ತೆ ಕಂಡಳು.

"ನೀ ಎದ್ದಿ?" ಅಂದಳು ಶಿವಲಿಂಗವ್ವ. ಹನಿ ಬೀಳತೊಡಗಿದ್ದವು. "ನೀ ಹಂಗ ಎದ್ದಿ?"

"ಹೌದರಿ ಅತ್ತಿ. ಎದ್ದೆ," ಅಂದಳು ಕಾಳವ್ವ. ತಾನು ಎದ್ದದ್ದು ಅವಳಿಗೂ ಆಗಲೇ ಹೊಳೆದದ್ದು.

ಶಿವಲಿಂಗವ್ವ ಕೂಸನ್ನು ಇಸಿದುಕೊಂಡಳು. ಇನ್ನೊಂದು ಕೈಯಿಂದ ಸೊಸೆಯ ರಟ್ಟೆ ಬಿಗಿಯಾಗಿ ಹಿಡಿದು ಮೆಟ್ಟಿಲು ಇಳಿಸಿದಳು. ಕೆಳಗೆ ಬಂದ ಮೇಲೂ ಬಿಡಲಿಲ್ಲ. ಮರುದಿನ ಹರಿದ ಜಮಖಾನೆಗಳನ್ನು ತಾನೇ ಹೊಲಿದು ಕಟ್ಟಿದಳು.

ಹೆರಿಗೆಗೆ ಆಸ್ಪತ್ರೆಯೇ ಬೇಕು ಎಂದರು ಡಾಕ್ಟರು. ಎಲುಬು ಗಟ್ಟಿಯಾಗಿವೆ, ಆದರೆ ಮೊದಲೇ ಬಾಗಿದ್ದು ಪೂರಾ ನೆಟ್ಟಗಾಗುವುದಿಲ್ಲ, ಮನೆಯಲ್ಲಿ ಧೈರ್ಯ ಮಾಡಬೇಡಿ ಎಂದರು. ಈ ಸಲ ಶಿವಲಿಂಗವ್ವ ಅಡ್ಡ ಬರಲಿಲ್ಲ. ಜೂನ್ ಕೊನೆಯಲ್ಲಿ ಹೊತ್ತು ಹುಟ್ಟುವಾಗ ನೋವು ಶುರುವಾಯಿತು. ಮಧ್ಯಾಹ್ನವಾದರೂ ಆಗಲಿಲ್ಲ. ಆಸ್ಪತ್ರೆಯ ಪಡಸಾಲೆಯಲ್ಲಿ ಗುರುಶಿದ್ದಪ್ಪ ಆ ತುದಿಯಿಂದ ಈ ತುದಿಗೆ ನಡೆದ. ನೀಲಪ್ಪ ಶಿರಗುಪ್ಪಿಯಿಂದ ಬಂದು ಮಳೆಯಲ್ಲೇ ಹೊರಗೆ ನಿಂತ. ಶಿವಲಿಂಗವ್ವ ಕೂತಳು, ಎದ್ದಳು, ಇಷ್ಟಲಿಂಗ ಹಿಡಿದಳು, ಮತ್ತೆ ಎದ್ದಳು. ನಾಲ್ಕು ಗಂಟೆಗೆ ಹುಲಿಗೆವ್ವ ಬಾಗಿಲು ತೆರೆದಳು. ಬೆವತು ತೊಯ್ದಿದ್ದಳು.

"ಹೆಣ್ಣು. ಇಕ್ಕಳಾ ಹಚ್ಚಿ ತೆಗೀಬೇಕಾತು. ಇಬ್ರೂ ಅದಾರ."

ಇಬ್ಬರೂ ಇದ್ದಾರೆ. ಆ ಮಾತು ಕೇಳಿ ಶಿವಲಿಂಗವ್ವ ಅಲ್ಲೇ ನೆಲಕ್ಕೆ ಕುಸಿದು ಕೂತಳು. ಸಾವಕ್ಕ ಸತ್ತಾಗ ಅಳದವಳು ಅಂದು ಅತ್ತಳು. ಕೂಸಿಗೆ ಸಾವಕ್ಕ ಎಂದೇ ಹೆಸರಿಟ್ಟರು.

ಫಕೀರವ್ವನ ಕಾಲು ಬೆಳೆಬೆಳೆಯುತ್ತ ಬಹುಮಟ್ಟಿಗೆ ನೆಟ್ಟಗಾದವು. ಕಾಳವ್ವ ಮನೆಗೆಲಸ ಮಾಡಿದಳು, ಅಪ್ಪನ ಹೊಲಕ್ಕೂ ಹೋಗಿ ಬಂದಳು. ಆದರೆ ಅವಳ ನಡಿಗೆಯಲ್ಲಿ ಒಂದು ಸಣ್ಣ ಕುಂಟು ಕಡೆತನಕ ಉಳಿಯಿತು.

ಶಿವಲಿಂಗವ್ವ ಮಾತ್ರ ಮನೆಯಲ್ಲಿ ಕೂರದವಳಾದಳು. ಮಳೆಗಾಲ ಮುಗಿದ ಕೂಡಲೇ ಹುಲಿಗೆವ್ವನ ಜೊತೆ ಓಣಿ ಓಣಿ ತಿರುಗಿದಳು. ಯಾವ ಮನೆಯಲ್ಲಿ ಬಸುರಿ ಇದ್ದಾಳೆ, ಯಾವ ಮನೆಯಲ್ಲಿ ಎರಡು ವರ್ಷದ ಕೂಸು ಇನ್ನೂ ನಿಂತಿಲ್ಲ ಎಂದು ಕೇಳುತ್ತ ಬಾಗಿಲು ಬಡಿದಳು. ಕೆಲವರು ಕೂರಿಸಿ ಕೇಳಿದರು. ಕೆಲವರು ಮುಖದ ಮೇಲೆ ಬಾಗಿಲು ಹಾಕಿದರು. ಒಂದು ಮನೆಯ ಯಜಮಾನತಿ ಮೂಗು ಮುರಿದು ಅಂದಳು:

"ನಮಗ ಹೇಳಾಕ ಬಂದೀರಿ. ನಿಮ್ಮ ಸೊಸಿ ಇನ್ನೂ ಕುಂಟಾಕತ್ತಾಳಲ್ರಿ?"

"ಹೌದವ್ವಾ, ಕುಂಟತಾಳ," ಅಂದಳು ಶಿವಲಿಂಗವ್ವ. "ನಾ ತಡಾ ಮಾಡಿದ್ದಕ್ಕ ಕುಂಟತಾಳ. ನೀ ತಡಾ ಮಾಡಬ್ಯಾಡ."

ಓದುವ ಅಕ್ಕಂದಿರೇ, ಅಣ್ಣಂದಿರೇ, ಈ ಮಾತು ನಿಮಗೂ. ಕಾಲ ಬದಲಾಗಿದೆ, ಕತ್ತಲೆ ಬದಲಾಗಿಲ್ಲ. ಅಂದು ಬಾಗಿಲು ಮುಚ್ಚಿ ಒಳಗಿದ್ದೆವು, ಇಂದು ಅಂಗಡಿ, ಕಚೇರಿ, ಕಾರ್ಖಾನೆಯಲ್ಲಿ, ಟೀವಿಯ ಮುಂದೆ ಒಳಗಿದ್ದೇವೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಟೊಂಕ, ತೊಡೆ, ಪಕ್ಕೆಲುಬು ಬಿಡದೆ ನೋಯುತ್ತಿದೆಯೇ? ಕೂತಲ್ಲಿಂದ ಏಳಲು ಕೈ ಊರಬೇಕೇ? ಕೂಸು ನಡೆಯಲು ತಡ ಮಾಡಿದೆಯೇ, ಕಾಲು ಬಾಗಿದೆಯೇ? ಸೋಮಾರಿ ಅನ್ನಬೇಡಿ, ವಯಸ್ಸಾಯಿತು ಅನ್ನಬೇಡಿ. ಹತ್ತಿರದ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಒಂದು ರಕ್ತ ಪರೀಕ್ಷೆಯಿಂದ ತಿಳಿಯುತ್ತದೆ. ಬಸುರಿ, ಬಾಣಂತಿ, ಎದೆಹಾಲು ಕುಡಿಯುವ ಕೂಸು, ಮನೆಯಿಂದ ಹೊರಬೀಳದ ಹಿರಿಯರು, ಇವರ ಬಗ್ಗೆ ಮೊದಲು ಕೇಳಿ. ಮಾತ್ರೆಯನ್ನು ವೈದ್ಯರು ಹೇಳಿದಷ್ಟೇ ಕೊಡಿ, ಹೇಳಿದಷ್ಟು ದಿನವೂ ಕೊಡಿ. ಹಾಲು ಮೊಸರು ಎಳ್ಳು ಉಣ್ಣಿ, ತಿನ್ನುವವರು ಮೊಟ್ಟೆ ಮೀನು ತಿನ್ನಿ.

ಮತ್ತೆ ಈಗ ಎದ್ದು ಒಮ್ಮೆ ಮನೆಯೊಳಗೆ ನೋಡಿ. ಅಡುಗೆಮನೆಯಲ್ಲಿ, ಹಿಂದಿನ ಕೋಣೆಯಲ್ಲಿ, ಹಾಸಿಗೆಯ ಮೇಲೆ, ಇವತ್ತು ಬಿಸಿಲು ಕಾಣದವರು ಯಾರಿದ್ದಾರೆ? ಅವರ ಕೈ ಹಿಡಿದು ಹೊರಗೆ ಕರೆತನ್ನಿ.